ಕ್ವೆರಿ ತಪ್ಪಿದಾಗ ಎಲ್ಲಿಂದ ಹುಡುಕಬೇಕು: ಒಣದ್ರಾಕ್ಷಿ ಲೆಕ್ಕದ ಕೆಲಸದಲ್ಲಿ ನನ್ನ ಅನುಭವ

ವಿಜಯಪುರದ ದಲಾಲಿ ಅಂಗಡಿಗಳಿಗೆ ಲೆಕ್ಕದ ವೆಬ್ ಪುಟಗಳನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಮಾಡಿಕೊಡುವುದು ನನ್ನ ಕೆಲಸ. ಕ್ವೆರಿ ಅಂದರೆ ಪುಟವು ಡೇಟಾಬೇಸಿಗೆ ಕಳಿಸುವ ಪ್ರಶ್ನೆ. ಮುಖ್ಯವಾಗಿ ಮೂರು ಟೇಬಲ್: ರೈತ, ಲಾಟ್ (ಒಮ್ಮೆಗೆ ಬಂದ ಮಾಲು), ಪಾವತಿ. ತಿಕೋಟಾ, ಬಬಲೇಶ್ವರ, ಇಂಡಿ ಕಡೆಯಿಂದ ಬಂದ ಒಣದ್ರಾಕ್ಷಿ ಲಾಟ್ ಟೇಬಲ್‌ಗೆ ಹೋಗುತ್ತದೆ, ರೈತರಿಗೆ ಕೊಟ್ಟ ಹಣ ಪಾವತಿ ಟೇಬಲ್‌ಗೆ. ಹೊಸಬರನ್ನು ಕಾಡುವ ಕ್ವೆರಿ ತಪ್ಪುಗಳು ಬಹುಪಾಲು ಇಷ್ಟರಲ್ಲೇ ಕಾಣಿಸಿಕೊಳ್ಳುತ್ತವೆ.

ಪುಟ ಖಾಲಿ ಬಂದರೆ ಅಥವಾ ಮೊತ್ತ ತಪ್ಪಿದರೆ ಕಲಿಯುವವರು ತಕ್ಷಣ ಕೋಡ್ ತಿದ್ದತೊಡಗುತ್ತಾರೆ. ನಾನು ಕೋಡ್ ಮುಟ್ಟುವುದಿಲ್ಲ. ಡೇಟಾಬೇಸಿಗೆ ನಿಜವಾಗಿ ತಲುಪಿದ ಕ್ವೆರಿ ಯಾವುದು ಎಂದು ಮೊದಲು ನೋಡುತ್ತೇನೆ. ಕ್ವೆರಿಯನ್ನು ಒಂದು ವೇರಿಯಬಲ್‌ನಲ್ಲಿ ಕಟ್ಟಿ, ಅದನ್ನು ಲಾಗ್ ಫೈಲಿಗೆ ಬರೆಸಿ, ಅದೇ ಸಾಲನ್ನು, ಡೇಟಾಬೇಸನ್ನು ನೇರ ತೆರೆದು ನೋಡುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಅಂಟಿಸಿ ಓಡಿಸುತ್ತೇನೆ. ಅಲ್ಲಿ ಸರಿಯಾದ ಉತ್ತರ ಬಂದರೆ ತಪ್ಪು ಪಿಎಚ್‌ಪಿ ಕಡೆ ಇದೆ. ಅಲ್ಲೂ ತಪ್ಪು ಬಂದರೆ ಕ್ವೆರಿ ಅಥವಾ ಒಳಗಿನ ಡೇಟಾ ನೋಡಬೇಕು. ಕ್ವೆರಿ ಎಲ್ಲಿ ಕಟ್ಟಲ್ಪಡುತ್ತಿದೆ ಎಂದೇ ತಿಳಿಯದಷ್ಟು ಹಳೆಯ ಕೋಡ್ ಆದರೆ, ನನ್ನ ಕಂಪ್ಯೂಟರಿನ ಮೈಎಸ್‌ಕ್ಯೂಎಲ್‌ನಲ್ಲಿ ಜನರಲ್ ಲಾಗ್ ಆನ್ ಮಾಡಿ ಪುಟವನ್ನು ಒಮ್ಮೆ ತೆರೆಯುತ್ತೇನೆ. ಬಂದ ಪ್ರತಿ ಕ್ವೆರಿಯೂ ಅದರಲ್ಲಿ ಬೀಳುತ್ತದೆ. ನೋಡಿದ ಮೇಲೆ ಆಫ್ ಮಾಡಲೇಬೇಕು, ಇಲ್ಲವಾದರೆ ಫೈಲು ಬೆಳೆದು ಡಿಸ್ಕ್ ತುಂಬುತ್ತದೆ.

ದೋಷದ ಸಂದೇಶವನ್ನು ಬಚ್ಚಿಡುವ ಕೋಡ್ ಇದ್ದರೆ ಯಾವ ಹುಡುಕಾಟವೂ ಮುಂದೆ ಸಾಗದು. ಪಿಎಚ್‌ಪಿಯಿಂದ ಡೇಟಾಬೇಸ್ ಮುಟ್ಟಲು ಮೈಎಸ್‌ಕ್ಯೂಎಲ್‌ಐ, ಪಿಡಿಒ ಎಂಬ ಎರಡು ದಾರಿಗಳಿವೆ. ಪಿಎಚ್‌ಪಿ 8.1ರಿಂದ ಮೈಎಸ್‌ಕ್ಯೂಎಲ್‌ಐ ತಾನಾಗಿಯೇ ಎಕ್ಸೆಪ್ಷನ್ (ಕೆಲಸ ನಿಲ್ಲಿಸಿ ದೋಷ ಹೇಳುವ ಸಂದೇಶ) ಕೊಡುತ್ತದೆ, ಪಿಡಿಒ 8.0ರಿಂದ. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ಕ್ವೆರಿ ಕೆಟ್ಟರೆ ಸುಮ್ಮನೆ ಫಾಲ್ಸ್ ಮರಳುತ್ತದೆ, ಮುಂದಿನ ಸಾಲಿನಲ್ಲಿ ಫೆಚ್ ಮಾಡುವಾಗ ‘ಫಲಿತಾಂಶದ ಬದಲು ಬೂಲ್ ಸಿಕ್ಕಿದೆ’ ಎಂಬ ದೂರು ಬರುತ್ತದೆ. ಆ ದೂರು ಬಂದ ಸಾಲನ್ನು ತಿದ್ದಬೇಡಿ, ಅದರ ಹಿಂದಿನ ಕ್ವೆರಿ ನೋಡಿ.

ದೋಷದ ಸಂಖ್ಯೆಗಳಲ್ಲಿ ಕೆಲವನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಹಗುರ. 1045 ಬಂದರೆ ಬಳಕೆದಾರ ಅಥವಾ ಪಾಸ್‌ವರ್ಡ್ ತಪ್ಪು. 1054 ಅಂದರೆ ಆ ಹೆಸರಿನ ಕಾಲಮ್ ಇಲ್ಲ. ಪದವೊಂದಕ್ಕೆ ಕೋಟ್ ಹಾಕುವುದು ಬಿಟ್ಟಾಗಲೂ ಇದೇ ಬರುತ್ತದೆ, ಏಕೆಂದರೆ ಕೋಟ್ ಇಲ್ಲದ ಪದವನ್ನು ಮೈಎಸ್‌ಕ್ಯೂಎಲ್ ಕಾಲಮ್ ಎಂದೇ ಓದುತ್ತದೆ. 1052 ಅಂದರೆ ಜೋಡಿಸಿದ ಎರಡೂ ಟೇಬಲ್‌ನಲ್ಲಿ ಅದೇ ಹೆಸರಿನ ಕಾಲಮ್ ಇದೆ, ಟೇಬಲ್ ಹೆಸರು ಸೇರಿಸಿ ಬರೆಯಿರಿ. 1146 ಟೇಬಲ್ಲೇ ಇಲ್ಲ ಎನ್ನುತ್ತದೆ. ವಿಂಡೋಸ್‌ನಲ್ಲಿ ಓಡಿದ ಕೋಡ್ ಸರ್ವರ್‌ಗೆ ಹಾಕಿದೊಡನೆ 1146 ಕೊಟ್ಟರೆ ಟೇಬಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ವಿಂಡೋಸ್ ಆ ವ್ಯತ್ಯಾಸ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ನಾನು ಎಲ್ಲ ಹೆಸರನ್ನೂ ಸಣ್ಣಕ್ಷರದಲ್ಲೇ ಇಡುತ್ತೇನೆ.

1064 ವ್ಯಾಕರಣದ ತಪ್ಪು. ಸಂದೇಶ ಎತ್ತಿ ತೋರಿಸುವ ಪದದಲ್ಲಿ ತಪ್ಪು ಇರುವುದು ಕಡಿಮೆ, ಅದಕ್ಕೆ ಮೊದಲಿನ ಪದದಲ್ಲಿ ಇರುವುದೇ ಹೆಚ್ಚು. ಖಾಲಿ ಕೋಟ್ ತೋರಿಸಿದರೆ ಕ್ವೆರಿ ನಡುವೆಯೇ ಮುಗಿದಿದೆ, ಮುಚ್ಚದ ಆವರಣ ಹುಡುಕಿ. ಮೈಎಸ್‌ಕ್ಯೂಎಲ್ ತನಗೇ ಕಾಯ್ದಿರಿಸಿಕೊಂಡ ಆರ್ಡರ್, ಗ್ರೂಪ್, ಕೀ ಎಂಬ ಪದಗಳನ್ನು ಕಾಲಮ್‌ಗೆ ಹೆಸರಿಟ್ಟರೂ 1064 ಬರುತ್ತದೆ. ರ್‍ಯಾಂಕ್ ಎಂಬ ಪದ ಮೈಎಸ್‌ಕ್ಯೂಎಲ್ 8.0ರಲ್ಲಿ ಕಾಯ್ದಿರಿಸಿದ ಪದವಾಯಿತು, ಹೀಗಾಗಿ 5.7ರಲ್ಲಿ ಓಡುತ್ತಿದ್ದ ಕ್ವೆರಿ ಸರ್ವರ್ ಬದಲಾದ ದಿನ ನಿಲ್ಲುತ್ತದೆ.

ಬಳಕೆದಾರರು ತುಂಬಿದ ಮೌಲ್ಯವನ್ನು ಕ್ವೆರಿಗೆ ನೇರ ಅಂಟಿಸಬಾರದು, ಮೌಲ್ಯದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮೌಲ್ಯವನ್ನು ಬೇರೆಯಾಗಿ ಕೊಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಬೇಕು. ಭದ್ರತೆಗಾಗಿ ಇದು ಬೇಕೇ ಬೇಕು. ಆದರೆ ಇಲ್ಲೂ ಎರಡು ಕಡೆ ಎಡವುತ್ತಾರೆ. ಲೈಕ್ (ಪದದ ತುಣುಕಿನ) ಹುಡುಕಾಟದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಕೋಟ್ ಒಳಗೆ ಶೇಕಡಾ ಚಿಹ್ನೆಗಳ ನಡುವೆ ಇಡುತ್ತಾರೆ. ಕೋಟ್ ಒಳಗೆ ಹೋದ ಚಿಹ್ನೆ ಬರೀ ಅಕ್ಷರ. ಕ್ವೆರಿಯಲ್ಲಿ ಬರಿಯ ಪ್ರಶ್ನಾರ್ಥಕ ಇಟ್ಟು, ಶೇಕಡಾ ಚಿಹ್ನೆಗಳನ್ನು ಮೌಲ್ಯಕ್ಕೇ ಸೇರಿಸಿ ಕಳಿಸಿ. ಇನ್ನೊಂದು, ಎಷ್ಟು ಸಾಲು ಬೇಕೆಂದು ಹೇಳುವ ಲಿಮಿಟ್. ಪಿಡಿಒ ತನ್ನ ಮಾಮೂಲಿ ಎಮ್ಯುಲೇಷನ್‌ನಲ್ಲಿ (ಮೌಲ್ಯವನ್ನು ತಾನೇ ಕ್ವೆರಿಗೆ ಸೇರಿಸುವ ವಿಧಾನ) 10ನ್ನು ಕೋಟ್ ಹಾಕಿ ಕಳಿಸುತ್ತದೆ, ಮತ್ತೆ 1064. ಬೈಂಡ್‌ವ್ಯಾಲ್ಯೂನಲ್ಲಿ ಅದು ಪೂರ್ಣಾಂಕ ಎಂದು ಹೇಳಿದರೆ ಸರಿಹೋಗುತ್ತದೆ.

ದೋಷ ತೋರಿಸುವ ಕ್ವೆರಿಗಿಂತ ದೋಷವಿಲ್ಲದೆ ತಪ್ಪು ಉತ್ತರ ಕೊಡುವ ಕ್ವೆರಿ ಅಪಾಯಕಾರಿ, ಏಕೆಂದರೆ ಅಲ್ಲಿ ರೈತರ ಹಣದ ಲೆಕ್ಕ ತಪ್ಪುತ್ತದೆ. ಒಬ್ಬ ರೈತರ ಎರಡು ಲಾಟ್ ಇವೆ ಎನ್ನೋಣ, 60,000 ಮತ್ತು 40,000 ರೂಪಾಯಿಯವು. ಅವರಿಗೆ ತಲಾ 20,000ದ ಮೂರು ಕಂತು ಪಾವತಿಯಾಗಿದೆ. ಕೊಡಬೇಕಾದ ಬಾಕಿ 40,000. ರೈತ, ಲಾಟ್, ಪಾವತಿ ಮೂರನ್ನೂ ಒಂದೇ ಕ್ವೆರಿಯಲ್ಲಿ ಜಾಯಿನ್ ಮಾಡಿ (ಜೋಡಿಸಿ) ಸಮ್ (ಮೊತ್ತ) ಹಾಕಿದರೆ ಪ್ರತಿ ಲಾಟ್ ಪ್ರತಿ ಕಂತಿನ ಜೊತೆ ಸೇರಿ ಆರು ಸಾಲಾಗುತ್ತದೆ. ಲಾಟ್ ಮೊತ್ತ 3,00,000, ಪಾವತಿ 1,20,000, ಬಾಕಿ 1,80,000 ಎಂದು ಬರುತ್ತದೆ. ಒಂದೇ ಮೌಲ್ಯವನ್ನು ಒಮ್ಮೆ ಮಾತ್ರ ಎಣಿಸುವ ಡಿಸ್ಟಿಂಕ್ಟ್ ಸೇರಿಸುವುದು ಪರಿಹಾರವಲ್ಲ: 20,000ದ ಮೂರು ಕಂತು ಒಂದೇ ಆಗಿಬಿಡುತ್ತದೆ. ನಾನು ಲಾಟ್ ಮೊತ್ತವನ್ನು ರೈತರ ಐಡಿ ಪ್ರಕಾರ ಒಂದು ಸಬ್‌ಕ್ವೆರಿಯಲ್ಲಿ (ಕ್ವೆರಿಯೊಳಗಿನ ಕ್ವೆರಿ), ಪಾವತಿಯನ್ನು ಇನ್ನೊಂದರಲ್ಲಿ ಕೂಡಿಸಿ, ಆಮೇಲೆ ಎರಡನ್ನೂ ರೈತ ಟೇಬಲ್‌ಗೆ ಲೆಫ್ಟ್ ಜಾಯಿನ್ ಮಾಡುತ್ತೇನೆ, ಅದು ಜೋಡಿ ಸಾಲು ಇಲ್ಲದ ರೈತರನ್ನೂ ಉಳಿಸುತ್ತದೆ. ಹಣ ಪಡೆಯದ ರೈತರಿಗೆ ಪಾವತಿ ನಲ್ (ಮೌಲ್ಯವೇ ಇಲ್ಲ) ಎಂದು ಬರುತ್ತದೆ. ನಲ್ ಕಳೆದರೆ ಬಾಕಿಯೂ ನಲ್. ಅದಕ್ಕೆ ಕೊಅಲೆಸ್ ಹಾಕಿ ಸೊನ್ನೆ ಮಾಡಿಕೊಳ್ಳಬೇಕು. ಮೊತ್ತದ ಮೇಲೆ ಅನುಮಾನ ಬಂದಾಗಲೆಲ್ಲ ಸಮ್ ತೆಗೆದು, ಒಬ್ಬರೇ ರೈತರ ಸಾಲುಗಳನ್ನು ಬಿಡಿಬಿಡಿಯಾಗಿ ಓಡಿಸಿ ಕಣ್ಣಾರೆ ಎಣಿಸಿ.

ಲೆಫ್ಟ್ ಜಾಯಿನ್ ಹಾಕಿಯೂ ಹಣ ಪಡೆಯದ ರೈತರು ಮಾಯವಾದರೆ, ಪಾವತಿ ಟೇಬಲ್‌ನ ಷರತ್ತು ವೇರ್ (ಸಾಲು ಆರಿಸುವ) ಭಾಗದಲ್ಲಿ ಕುಳಿತಿರುತ್ತದೆ. ಅದನ್ನು ಆನ್ (ಟೇಬಲ್ ಜೋಡಿಸುವ) ಭಾಗಕ್ಕೆ ಸರಿಸಿ. ನಲ್ ಹುಡುಕಲು ಸಮ ಚಿಹ್ನೆ ಕೆಲಸ ಮಾಡದು, ಈಸ್ ನಲ್ ಎಂದೇ ಬರೆಯಬೇಕು.

ಈಗ ಕನ್ನಡದ ಡೇಟಾ. ನಮ್ಮ ಜಿಲ್ಲೆಯ ಕೆಲಸದಲ್ಲಿ ನನ್ನ ಹೆಚ್ಚಿನ ಹೊತ್ತು ಹೋಗುವುದೇ ಇಲ್ಲಿ, ಕಲಿಸುವ ಪಾಠಗಳಲ್ಲಿ ಇದು ಸಿಗುವುದಿಲ್ಲ. ಊರಿನ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಅಥವಾ ಅರ್ಥವಿಲ್ಲದ ಅಕ್ಷರಗಳಾಗಿ ಕಂಡರೆ, ಒಳಗಿನ ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ ಆ ಕಾಲಮ್ ತೆಗೆಯಿರಿ. ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ ಮೂರು ಬೈಟ್, ಅವು ಇ0ಬಿ2 (E0B2) ಅಥವಾ ಇ0ಬಿ3ಯಿಂದ (E0B3) ಶುರುವಾಗುತ್ತವೆ. ‘ವಿಜಯಪುರ’ ಪದದಲ್ಲಿ ಗುಣಿತ ಚಿಹ್ನೆ ಸೇರಿ ಏಳು ಚಿಹ್ನೆ, ಒಟ್ಟು 21 ಬೈಟ್. ಹೆಕ್ಸ್‌ನಲ್ಲಿ ಹಾಗೆಯೇ ಕಂಡರೆ ಡೇಟಾ ಸುರಕ್ಷಿತ, ಸಂಪರ್ಕದ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಮಾಡಿದರೆ ಸಾಕು. ಸಿ3ಎ0ಸಿ2ಬಿ2 ಎಂದು ಶುರುವಾದರೆ ಎರಡು ಬಾರಿ ಎನ್‌ಕೋಡ್ ಆಗಿದೆ, ಬ್ಯಾಕಪ್ ತೆಗೆದುಕೊಂಡು ತಿರುಗಿಸಬಹುದು. 3ಎಫ್ ಸಾಲುಸಾಲಾಗಿ ಇದ್ದರೆ ಅಕ್ಷರ ಹೋಯಿತು, ಕಾಗದ ನೋಡಿ ಮತ್ತೆ ತುಂಬಬೇಕು. ಹೆಕ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳೇ ಇದ್ದರೆ ಅದು ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿದ್ದಿರಬಹುದು. ಹಾಗಿದ್ದರೆ ಪರಿವರ್ತಕದಲ್ಲಿ ಹಾಯಿಸಿಯೇ ಒಳಗೆ ಬಿಡಿ.

ಜಿಲ್ಲೆಯ ಹೆಸರು ಹಾಕಿ ಹುಡುಕಿದಾಗ ಸಾಲು ಕಡಿಮೆ ಬಂದರೆ, ಒಮ್ಮೆ ಬೇರೆ ಬೇರೆ ಹೆಸರುಗಳ ಪಟ್ಟಿ ತೆಗೆಯಿರಿ. 2014ರ ನವೆಂಬರ್ 1ರ ಹೆಸರು ಬದಲಾವಣೆಗೆ ಮೊದಲಿನ ದಾಖಲೆಗಳಲ್ಲಿ ‘ಬಿಜಾಪುರ’ ಇರುತ್ತದೆ, ಮುಂದಿನವುಗಳಲ್ಲಿ ‘ವಿಜಯಪುರ’. ತಿಕೋಟಾ, ತಿಕೋಟ ಎರಡೂ ಇರುತ್ತವೆ. ಕಣ್ಣಿಗೆ ಒಂದೇ ಕಾಣುವ ಎರಡು ಹೆಸರು ಬಂದರೆ ಮತ್ತೆ ಹೆಕ್ಸ್: ಇ2808ಸಿ ಇದ್ದರೆ ಅಕ್ಷರಗಳನ್ನು ಬೇರ್ಪಡಿಸುವ, ಕಣ್ಣಿಗೆ ಕಾಣದ ಚಿಹ್ನೆ, ಸಿ2ಎ0 ಇದ್ದರೆ ನಕಲು ಮಾಡುವಾಗ ಅಂಟಿಕೊಂಡು ಬಂದ ಖಾಲಿ ಜಾಗ, ಅದನ್ನು ಅಂಚಿನ ಖಾಲಿ ಜಾಗ ಕಳೆಯುವ ಟ್ರಿಮ್ ತೆಗೆಯುವುದಿಲ್ಲ, ರಿಪ್ಲೇಸ್ ಬಳಸಬೇಕು. ಊರು, ತಾಲ್ಲೂಕುಗಳಿಗೆ ಬೇರೆ ಟೇಬಲ್ ಮಾಡಿ ಐಡಿ ಮಾತ್ರ ಉಳಿಸುವುದೇ ಶಾಶ್ವತ ದಾರಿ ಎಂದು ನನ್ನ ಗಟ್ಟಿ ಅಭಿಪ್ರಾಯ. ಲಾಟ್ ಸಂಖ್ಯೆಯನ್ನು ಯಾರಾದರೂ ‘೧೨’ ಎಂದು ಕನ್ನಡ ಅಂಕಿಯಲ್ಲಿ ತುಂಬಿದರೂ ಅದು 12 ಎಂಬ ಸಂಖ್ಯೆಗೆ ಹೊಂದುವುದಿಲ್ಲ, ಫಾರ್ಮ್‌ನಲ್ಲೇ ಬದಲಿಸಿಕೊಳ್ಳಿ.

ದಿನಾಂಕವನ್ನು ಅಕ್ಷರದ ಕಾಲಮ್‌ನಲ್ಲಿ ಇಡಬೇಡಿ, ವರ್ಷವಾರು ಜೋಡಣೆ ಕೆಡುತ್ತದೆ. ಡೇಟ್‌ಟೈಮ್ ಕಾಲಮ್‌ಗೆ ಬಿಟ್ವೀನ್ ಹಾಕಿ ಮಾರ್ಚ್ 31ರವರೆಗೆ ಎಂದರೆ ಆ ದಿನ ಶುರುವಾಗುವ ಮಧ್ಯರಾತ್ರಿ 12ಕ್ಕೇ ನಿಲ್ಲುತ್ತದೆ, ವರ್ಷದ ಕೊನೆಯ ದಿನದ ವಹಿವಾಟು ಬಿಟ್ಟುಹೋಗುತ್ತದೆ. ಏಪ್ರಿಲ್ 1ಕ್ಕಿಂತ ಕಡಿಮೆ ಎಂದು ಬರೆಯಿರಿ.

ಪುಟ ನಿಧಾನವಾದರೆ ಕ್ವೆರಿಯ ಆರಂಭದಲ್ಲಿ ಎಕ್ಸ್‌ಪ್ಲೇನ್ ಸೇರಿಸಿ ಓಡಿಸಿ, ಮೈಎಸ್‌ಕ್ಯೂಎಲ್ ಸಾಲುಗಳನ್ನು ಹೇಗೆ ಹುಡುಕುತ್ತದೆ ಎಂದು ಅದು ತೋರಿಸುತ್ತದೆ. ಟೈಪ್ ಕಾಲಮ್‌ನಲ್ಲಿ ಆಲ್, ಕೀ ಕಾಲಮ್‌ನಲ್ಲಿ ನಲ್ ಇದ್ದರೆ ಇಡೀ ಟೇಬಲ್ ಓದುತ್ತಿದೆ. ಲಾಟ್ ಮತ್ತು ಪಾವತಿ ಎರಡರಲ್ಲೂ ರೈತರ ಐಡಿಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿ. ಇಂಡೆಕ್ಸ್ ಇದ್ದೂ ಬಳಕೆಯಾಗದಿದ್ದರೆ ಕಾಲಮ್ ಮೇಲೆ ಇಯರ್‌ನಂಥ ಫಂಕ್ಷನ್ ಸುತ್ತಿದೆಯೇ, ಅಕ್ಷರದ ಕಾಲಮ್ ಆಗಿರುವ ಮೊಬೈಲ್ ಸಂಖ್ಯೆಯನ್ನು ಕೋಟ್ ಇಲ್ಲದೆ ಹೋಲಿಸಿದೆಯೇ ನೋಡಿ. ಎರಡೂ ಇಂಡೆಕ್ಸನ್ನು ವ್ಯರ್ಥ ಮಾಡುತ್ತವೆ.