ಎದೆಯಲ್ಲಿ ಗಂಟು ಸಿಕ್ಕರೆ: ಆಪರೇಷನ್‌ಗೆ ಮೊದಲು, ಆಮೇಲೆ

ಶ್ರೀರಾಂಪುರದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಮೂರು ವರ್ಷದ ಹಿಂದೆ ನನ್ನ ಬಲಗಡೆ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ನೋವೇನೂ ಇರಲಿಲ್ಲ, ಆಮೇಲೆ ಕ್ಯಾನ್ಸರ್ ಅಂತ ಗೊತ್ತಾಯಿತು. ಆಗ ನನಗೆ 47 ವರ್ಷ. ಈಗ ಅಳತೆ ಕೊಡಲು ಬರುವ ಹೆಂಗಸರು ಮೆಲ್ಲಗೆ ಕೇಳುತ್ತಾರೆ, "ಅಕ್ಕಾ, ನೀವು ಏನೇನು ಮಾಡಿಸಿದ್ರಿ?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲನೆಯದು, ಸೂಜಿ ಟೆಸ್ಟ್ ಆಗದೆ ಗಂಟು ತೆಗೆಸಬೇಡಿ. ಮನೆ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ನನಗೆ "ಸಣ್ಣ ಗಂಟಮ್ಮ, ನಾಳೆ ಬನ್ನಿ, ತೆಗೆದುಬಿಡೋಣ" ಅಂದಿದ್ದರು. ನಾನು ಹೂಂ ಅಂದೂ ಆಗಿತ್ತು. ನರ್ಸ್ ಆಗಿರುವ ನಮ್ಮ ಅತ್ತಿಗೆ ತಡೆದರು. ಕಾಯಿಲೆ ಏನು ಅಂತ ಗೊತ್ತಿಲ್ಲದೆ ಕೊಯ್ದರೆ ಮತ್ತೊಂದು ಆಪರೇಷನ್ ಬೇಕಾಗಬಹುದು, ಎದೆ ಉಳಿಸಿಕೊಳ್ಳುವುದೂ ಕಷ್ಟವಾಗಬಹುದು. ಮೊದಲು ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ), ಆಮೇಲೆ ದಪ್ಪ ಸೂಜಿಯ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷೆ. ಮರಗಟ್ಟಿಸಿ ಮಾಡುತ್ತಾರೆ, ತಡೆದುಕೊಳ್ಳಬಹುದು.

ಕ್ಯಾನ್ಸರ್ ಅಂತ ಬಂದರೆ ಐಎಚ್‌ಸಿ ಅನ್ನುವ ಇನ್ನೊಂದು ರಿಪೋರ್ಟಿಗೂ ಕಾಯಿರಿ. ಅದರಲ್ಲಿ ಇಆರ್, ಪಿಆರ್ (ಗಂಟು ಹಾರ್ಮೋನಿನಿಂದ ಬೆಳೆಯುತ್ತದಾ ಅಂತ ತೋರಿಸುವವು), ಹರ್-2 (ಗಂಟನ್ನು ಬೆಳೆಸುವ ಒಂದು ಪ್ರೋಟೀನ್) ಅಂತ ಮೂರು ಹೆಸರು ಇರುತ್ತವೆ. ಮುಂದಿನ ಔಷಧಿ ಯಾವುದು ಅನ್ನುವುದು ಬಹುಮಟ್ಟಿಗೆ ಇವುಗಳ ಮೇಲೆಯೇ ನಿಂತಿದೆ. ಇಆರ್, ಪಿಆರ್ ಪಾಸಿಟಿವ್ ಇದ್ದರೆ ಹಾರ್ಮೋನ್ ತಡೆಯುವ ಮಾತ್ರೆ ಕೆಲಸ ಮಾಡುತ್ತದೆ. ಹರ್-2 ಪಾಸಿಟಿವ್ ಇದ್ದರೆ ಟ್ರಾಸ್ಟುಜುಮಾಬ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. ಮೊದಲು ಅದರ ಬೆಲೆ ಕೇಳಿದರೇ ಎದೆ ಒಡೆಯುತ್ತಿತ್ತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಅದೇ ತರಹದ್ದನ್ನು ಕಡಿಮೆ ಬೆಲೆಗೆ ತಂದಿತು. ಹರ್-2 ಪಾಸಿಟಿವ್ ಇದ್ದವರಿಗೆ, ಮೂರೂ ನೆಗೆಟಿವ್ ಇದ್ದವರಿಗೆ ಎಷ್ಟೋ ಸಲ ಕೀಮೋ (ಕ್ಯಾನ್ಸರ್ ಕೋಶ ಕೊಲ್ಲುವ ಔಷಧಿ) ಮೊದಲು, ಆಪರೇಷನ್ ಆಮೇಲೆ. ಅದಕ್ಕೇ ಹೇಳೋದು, ರಿಪೋರ್ಟಿಗೆ ಒಂದೆರಡು ವಾರ ಕಾದರೆ ನಷ್ಟವಿಲ್ಲ. ಹಬ್ಬ ಮುಗೀಲಿ, ಮದುವೆ ಮುಗೀಲಿ ಅಂತ ತಿಂಗಳುಗಟ್ಟಲೆ ಮಾತ್ರ ತಳ್ಳಬೇಡಿ.

ಪೂರ್ತಿ ತೆಗೆಸಬೇಕಾ, ಗಂಟು ಮಾತ್ರಾನಾ? ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಾನು "ಪೂರ್ತಿ ತೆಗೆದುಬಿಡಿ ಡಾಕ್ಟ್ರೇ" ಅಂದೆ. ಅವರು ಕೂರಿಸಿ ವಿವರಿಸಿದರು. ಶುರುವಿನ ಹಂತದಲ್ಲಿ ಗಂಟು ಮಾತ್ರ ತೆಗೆದು ಕರೆಂಟ್ (ರೇಡಿಯೇಷನ್) ಕೊಟ್ಟರೂ, ಪೂರ್ತಿ ತೆಗೆದರೂ ಬದುಕುವ ಆಯಸ್ಸು ಒಂದೇ. ಅಮೆರಿಕ, ಇಟಲಿಯಲ್ಲಿ 20 ವರ್ಷ ನೋಡಿ ಹೇಳಿದ ಮಾತಂತೆ ಅದು. ನಾನು ಗಂಟು ಮಾತ್ರ ತೆಗೆಸಿಕೊಂಡೆ. ಎದೆಯಲ್ಲಿ ಬೇರೆ ಬೇರೆ ಕಡೆ ಗಂಟಿದ್ದರೆ, ಗಂಟು ತೀರಾ ದೊಡ್ಡದಿದ್ದರೆ, ಕರೆಂಟ್ ಕೊಡಲು ಆಗದಿದ್ದರೆ ಪೂರ್ತಿ ತೆಗೆಯಬೇಕಾಗುತ್ತದೆ. ಕಂಕುಳ ಬಗ್ಗೆಯೂ ಕೇಳಿ. ಅಲ್ಲಿಗೆ ಹಬ್ಬಿದ ಹಾಗೆ ಕಾಣದಿದ್ದರೆ ಕೆಲವೇ ಗ್ರಂಥಿ ತೆಗೆದು ನೋಡುವ ವಿಧಾನ ಇದೆ, ಕೈ ಊದುವ ಭಯ ಕಡಿಮೆ. ನನಗೆ ಹಬ್ಬಿತ್ತು, ಜಾಸ್ತಿ ತೆಗೆದರು.

ದುಡ್ಡಿನ ವಿಷಯ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ರೇಷನ್ ಕಾರ್ಡ್, ಆಧಾರ್ ಮೊದಲ ದಿನವೇ ಜೊತೆಗಿರಲಿ.

ಆಪರೇಷನ್ ಆದಮೇಲೆ ಕಂಕುಳಿಂದ ಒಂದು ಟ್ಯೂಬು, ಅದರ ತುದಿಗೆ ನೀರು ತುಂಬುವ ಡಬ್ಬಿ. ಅದನ್ನು ಕೈಯಲ್ಲಿ ಹಿಡಿದು ಓಡಾಡಬೇಡಿ. ಲೈನಿಂಗ್ ಬಟ್ಟೆಯಲ್ಲಿ ಆರು ಇಂಚು ಅಗಲ, ಎಂಟು ಇಂಚು ಉದ್ದದ ಚೀಲ ಹೊಲಿದು, ಎಡ ಭುಜದಿಂದ ಅಡ್ಡಲಾಗಿ ಇಳಿಬಿಟ್ಟುಕೊಂಡಿದ್ದೆ. ದಿನಾ ಎಷ್ಟು ಎಂಎಲ್ ಬಂತು ಅಂತ ನನ್ನ ಅಳತೆ ಪುಸ್ತಕದಲ್ಲೇ ಬರೆದಿಟ್ಟೆ. ಗಿರಾಕಿಗಳ ತೋಳು, ಕುತ್ತಿಗೆ ಅಳತೆಗಳ ಮಧ್ಯೆ ಆ ಪುಟ ಇನ್ನೂ ಇದೆ: 90, 70, 55, 40, 28, 25. ಎರಡು ದಿನ 30ಕ್ಕಿಂತ ಕಮ್ಮಿ ಬಂದ ಮೇಲೆ ಟ್ಯೂಬ್ ತೆಗೆದರು. ಮುಂದೆ ಹುಕ್ಸ್ ಇರುವ ಸಡಿಲ ಬ್ಲೌಸ್, ಬಟನ್ ನೈಟಿ ಮೊದಲೇ ಹೊಲಿಸಿಟ್ಟುಕೊಳ್ಳಿ. ತಲೆಯ ಮೇಲಿಂದ ಹಾಕುವ ಬಟ್ಟೆಗೆ ಕೈ ಏಳುವುದಿಲ್ಲ.

ಕೈ ವ್ಯಾಯಾಮ ಬಿಡಬೇಡಿ, ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಡಾಕ್ಟರ್ ಶುರುಮಾಡಿ ಅಂದ ದಿನದಿಂದ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸಿ. ಎಲ್ಲಿಗೆ ಮುಟ್ಟಿತೋ ಅಲ್ಲಿ ಬಟ್ಟೆ ಮಾರ್ಕ್ ಮಾಡುವ ಚಾಕಿನಿಂದ ಗೆರೆ ಎಳೆಯುತ್ತಿದ್ದೆ. ಮೊದಲ ಗೆರೆ ಭುಜದ ಮಟ್ಟಕ್ಕೂ ಬಂದಿರಲಿಲ್ಲ. ಕತ್ತರಿ ಹಿಡಿಯುವ ಕೈ ಅಲ್ವಾ, ಅವತ್ತು ತುಂಬಾ ಅತ್ತೆ.

ಕೀಮೋ ಸಮಯದಲ್ಲಿ ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಜ್ವರ 100.4 ಮುಟ್ಟಿದರೆ ಡೋಲೋ ನುಂಗಿ ಬೆಳಗಾಗಲಿ ಅಂತ ಮಲಗಬೇಡಿ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ. ಕರೆಂಟ್ ನನಗೆ 15 ದಿನ ಆಯಿತು. ಮೈಮೇಲೆ ಹಾಕಿದ ಗುರುತನ್ನು ಉಜ್ಜಿ ತೊಳೆಯಬೇಡಿ, ಅಷ್ಟೇ. ಈಗ ದಿನಾ ಹಾರ್ಮೋನ್ ತಡೆಯುವ ಒಂದು ಟಮಾಕ್ಸಿಫೆನ್ ಮಾತ್ರೆ, ಕಡಿಮೆ ಅಂದರೂ 5 ವರ್ಷ. ಮೈಯೆಲ್ಲ ಬಿಸಿಯಾಗಿ ಬೆವರುತ್ತದೆ. ತಡೆಯಲಾಗದಿದ್ದರೆ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

ಕಳೆದ ಗೌರಿ ಹಬ್ಬಕ್ಕೆ ಬಳೆ ತೊಡಿಸಿಕೊಳ್ಳುವಾಗ ಎಡಗೈಗೆ ಸಲೀಸಾಗಿ ಹೋದ ಬಳೆ ಬಲಗೈಗೆ ಹೋಗಲಿಲ್ಲ. ಕೈ ಊದಲು ಶುರುವಾಗಿತ್ತು. ಬೇಗ ಹೋಗಿದ್ದಕ್ಕೆ ಫಿಸಿಯೋಥೆರಪಿ, ಬಿಗಿ ತೋಳುಚೀಲದಲ್ಲೇ ಹತೋಟಿಗೆ ಬಂತು. ಈಗ ತಿಂಗಳಿಗೊಮ್ಮೆ ಟೇಪಿನಲ್ಲಿ ಎರಡೂ ಕೈ ಅಳೆಯುತ್ತೇನೆ, ಮೊಣಕೈಯಿಂದ ನಾಲ್ಕು ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ. ನೀವೂ ಆಪರೇಷನ್‌ಗೆ ಮೊದಲೇ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ 2 ಸೆಂಟಿಮೀಟರ್ ವ್ಯತ್ಯಾಸ ಕಂಡರೆ ಮುಂದಿನ ಚೆಕಪ್‌ವರೆಗೆ ಕಾಯದೆ ಹೋಗಿ ತೋರಿಸಿ.