ಹ್ಯಾರೋಗೆ ಬಂದಿದ್ದೀರಾ? ಮೊದಲು ಜಿಪಿ ಹತ್ತಿರ ಹೆಸರು ಬರೆಸಿ

ಲಂಡನ್ನಿನ ವಾಯುವ್ಯ ಅಂಚಿನ ಹ್ಯಾರೋಗೆ ಹೊಸದಾಗಿ ಬಂದ ನಮ್ಮವರು ಮೊದಲು ಕೇಳುವುದು ಸೋನಾ ಮಸೂರಿ, ರಾಗಿ ಹಿಟ್ಟು ಎಲ್ಲಿ ಸಿಗುತ್ತದೆ ಅಂತ. ಅದರ ಚಿಂತೆ ಬೇಡ, ನಮ್ಮ ಕಡೆ ಸಾಮಾನಿನ ಅಂಗಡಿಗಳು ಬೇಕಾದಷ್ಟಿವೆ. ಬಾಡಿಗೆ ಮನೆ ಸಿಕ್ಕ ವಾರವೇ ಹತ್ತಿರದ ಜಿಪಿ (ಯಾವ ಕಾಯಿಲೆಗೂ ಮೊದಲು ನೋಡುವ ಸ್ಥಳೀಯ ಡಾಕ್ಟರು) ಬಳಿ ಹೆಸರು ಬರೆಸಿ. ಜ್ವರ ಬರುವ ತನಕ ಕಾಯಬೇಡಿ.

ಬೆಂಗಳೂರಿನಲ್ಲಿ ಮಂಡಿ ನೋವು ಬಂದರೆ ನೇರವಾಗಿ ಮೂಳೆ ಡಾಕ್ಟರ ಹತ್ತಿರ ಹೋಗುತ್ತೇವೆ, ಅಲ್ವಾ? ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ಸಾಮಾನ್ಯವಾಗಿ ಜಿಪಿ ನೋಡಿ, ಅಗತ್ಯ ಅನ್ನಿಸಿದರೆ ಅವರೇ ಮುಂದಕ್ಕೆ ಕಳಿಸಬೇಕು. ಹೆಸರು ಬರೆಸಲು ದುಡ್ಡಿಲ್ಲ. ಪಾಸ್‌ಪೋರ್ಟ್, ವಿಳಾಸದ ದಾಖಲೆ ಕೇಳಬಹುದು, ಆದರೆ ಅವು ಇಲ್ಲ ಅಂತ ನಿಮ್ಮನ್ನು ವಾಪಸ್ ಕಳಿಸುವ ಹಾಗಿಲ್ಲ. ಕೆಲಸದ ವೀಸಾದ ಹೆಚ್ಚಿನವರು ವರ್ಷಕ್ಕೆ ತಲಾ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ (ಎನ್‌ಎಚ್‌ಎಸ್ ಬಳಸಲು ವೀಸಾ ಜೊತೆ ಕಟ್ಟುವ ಶುಲ್ಕ) ಮೊದಲೇ ಕಟ್ಟಿರುತ್ತಾರೆ. ಆದ್ದರಿಂದ ಸಂಕೋಚ ಪಡಬೇಡಿ.

ಸಣ್ಣಪುಟ್ಟದ್ದಕ್ಕೆಲ್ಲ ಜಿಪಿ ಅಪಾಯಿಂಟ್‌ಮೆಂಟ್ ಬೇಕಿಲ್ಲ. 2024ರ ಜನವರಿಯಿಂದ ಇಂಗ್ಲೆಂಡಿನಲ್ಲಿ 'ಫಾರ್ಮಸಿ ಫಸ್ಟ್' ಬಂದಿದೆ. ಗಂಟಲು ನೋವು, ಮಕ್ಕಳ ಕಿವಿ ನೋವು, ಹೆಂಗಸರ ಉರಿಮೂತ್ರ ಹೀಗೆ 7 ತೊಂದರೆಗಳಿಗೆ ಫಾರ್ಮಸಿಸ್ಟೇ ನೋಡಿ, ಬೇಕಿದ್ದರೆ ಆಂಟಿಬಯಾಟಿಕ್ ಕೊಡಬಹುದು. ಇದಕ್ಕೆ ವಯಸ್ಸಿನ ಮಿತಿಗಳಿವೆ, ವಿಚಾರಿಸಿಕೊಳ್ಳಿ. ಏನು ಮಾಡಬೇಕೆಂದು ತೋಚದಿದ್ದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಎನ್‌ಎಚ್‌ಎಸ್‌ನ ಸಲಹೆ ಸಂಖ್ಯೆ 111ಕ್ಕೆ ಫೋನ್ ಮಾಡಿ. ಪ್ರಾಣಾಪಾಯ ಇದ್ದರೆ 999. ಪಕ್ಕದ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಎ ಅಂಡ್ ಇ (ತುರ್ತು ಚಿಕಿತ್ಸಾ ವಿಭಾಗ) ಇದೆ. ಮೆಟ್ರೋಪಾಲಿಟನ್ ಲೈನಿನ ಅದೇ ಹೆಸರಿನ ಸ್ಟೇಷನ್‌ನಿಂದ ನಡೆದೇ ಹೋಗಬಹುದು.

ಊರಿಂದ ಅಪ್ಪ ಅಮ್ಮ ಬರುತ್ತಿದ್ದರೆ ಇನ್ನೊಂದು ಮಾತು. ವಿಸಿಟರ್ ವೀಸಾದವರನ್ನೂ ಜಿಪಿ ಉಚಿತವಾಗಿ ನೋಡಬಹುದು. ಎ ಅಂಡ್ ಇಯಲ್ಲಿ ಮೊದಲು ಕೊಡುವ ಚಿಕಿತ್ಸೆಗೂ ದುಡ್ಡಿಲ್ಲ. ಆದರೆ ಆಸ್ಪತ್ರೆಗೆ ಅಡ್ಮಿಟ್ ಆದರೆ ಎನ್‌ಎಚ್‌ಎಸ್ ದರದ 150 ಶೇಕಡಾ ಬಿಲ್ ಬರುತ್ತದೆ. ದಯವಿಟ್ಟು ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಅವರನ್ನು ವಿಮಾನ ಹತ್ತಿಸಬೇಡಿ. ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಸಿ, ಇಲ್ಲದಿದ್ದರೆ ಕ್ಲೇಮ್ ತಿರಸ್ಕಾರ ಆಗಬಹುದು.

ಮಕ್ಕಳಿದ್ದರೆ ಶಾಲೆಯ ತಾರೀಖು ನೆನಪಿರಲಿ. ಮಗುವಿಗೆ 4 ತುಂಬಿದ ನಂತರದ ಸೆಪ್ಟೆಂಬರಿನಲ್ಲಿ ರಿಸೆಪ್ಷನ್ (ಶಾಲೆಯ ಮೊದಲ ತರಗತಿ) ಶುರು. ಅದಕ್ಕೆ ಅದೇ ವರ್ಷದ ಜನವರಿ 15ರೊಳಗೆ ಕೌನ್ಸಿಲ್‌ಗೆ (ನಮ್ಮ ಪಾಲಿಕೆಯಂಥ ಸ್ಥಳೀಯ ಆಡಳಿತ) ಅರ್ಜಿ ಹಾಕಬೇಕು. ಸೆಕೆಂಡರಿಗೆ ಹಿಂದಿನ ಅಕ್ಟೋಬರ್ 31 ಕೊನೆ ದಿನ. ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲ, ಡೊನೇಷನ್ನಿನ ಮಾತೇ ಇಲ್ಲ. ಆದರೆ ಬಹಳ ಶಾಲೆಗಳಲ್ಲಿ ಮನೆಯಿಂದ ಶಾಲೆಗೆ ಎಷ್ಟು ದೂರ ಎಂಬುದರ ಮೇಲೆ ಸೀಟು ನಿಂತಿರುತ್ತದೆ. ಹಾಗಾಗಿ ಮನೆ ಹುಡುಕುವಾಗಲೇ ಶಾಲೆ ನೋಡಿಕೊಳ್ಳಿ. ವರ್ಷದ ಮಧ್ಯೆ ಬಂದವರು 'ಇನ್ ಇಯರ್' ಅರ್ಜಿ ಹಾಕಬಹುದು.

ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆ, ಅಂದರೆ ಕೌನ್ಸಿಲ್ ಟ್ಯಾಕ್ಸ್, ಮನೆ ಮಾಲೀಕರು ಕಟ್ಟುತ್ತಾರೆ ಅಂದುಕೊಳ್ಳಬೇಡಿ. ಪೂರ್ತಿ ಮನೆ ಬಾಡಿಗೆಗೆ ತೆಗೆದುಕೊಂಡರೆ ಸಾಮಾನ್ಯವಾಗಿ ಅದು ನಿಮ್ಮದೇ ಖರ್ಚು. ಒಬ್ಬರೇ ಇದ್ದರೆ 25 ಶೇಕಡಾ ರಿಯಾಯಿತಿ ಇದೆ, ಕೇಳಿ ಪಡೆಯಬೇಕು. ಯಾವ ಕಸದ ಬಿನ್ ಯಾವ ದಿನ ಎತ್ತುತ್ತಾರೆ ಅನ್ನುವುದು ಕೌನ್ಸಿಲ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ಲೈಬ್ರರಿ ಕಾರ್ಡ್ ಉಚಿತ. ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್‌ಗಳು 6 ಗಂಟೆ ಮಾತ್ರ ತೆರೆದಿರುತ್ತವೆ, ಸಂಜೆ ಹೋದರೆ ಬಾಗಿಲು ಹಾಕಿರುತ್ತದೆ.

ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲದ್ದು: ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಇಲ್ಲಿ ವೀಸಾ ಮೇಲೆ ವಾಸವಿರುವ 18 ತುಂಬಿದ ಭಾರತೀಯರಿಗೂ ಕೌನ್ಸಿಲ್ ಚುನಾವಣೆಯಿಂದ ಪಾರ್ಲಿಮೆಂಟಿನವರೆಗೆ ಮತ ಹಾಕುವ ಹಕ್ಕಿದೆ. ಮತದಾರರ ಪಟ್ಟಿಗೆ ಆನ್‌ಲೈನ್‌ನಲ್ಲೇ ಸೇರಬಹುದು. ಬ್ಯಾಂಕಿನವರು ಸಾಲ ಕೊಡುವಾಗಲೂ ಆ ಪಟ್ಟಿ ನೋಡುತ್ತಾರೆ. ಮತಗಟ್ಟೆಯಲ್ಲಿ ಗುರುತಿಗೆ ನಿಮ್ಮ ಭಾರತದ ಪಾಸ್‌ಪೋರ್ಟೇ ಸಾಕು.