ಆಫ್‌ಸೆಟ್ ಮುಟ್ಟದೆ ಫ್ರೈಯರ್ ತಾಪಮಾನ ಸರಿಮಾಡಿದ ಬಗೆ: ನನ್ನ ಅನುಭವ

ಬೆಳಗ್ಗೆ ಹಚ್ಚಿದಾಗ ಫ್ರೈಯರ್ ಡಿಸ್‌ಪ್ಲೇ ತೋರಿಸುವುದೂ ಎಣ್ಣೆಯ ತಾಪವೂ ಒಂದೇ. ಕೆಲಸ ಜೋರಾಗಿ ಎರಡು ಮೂರು ಗಂಟೆ ಕಳೆದ ಮೇಲೆ ಡಿಸ್‌ಪ್ಲೇಯಲ್ಲಿ 180 ಇರುತ್ತದೆ, ಎಣ್ಣೆಗೆ ಬೇರೆ ಮೀಟರ್ ಅದ್ದಿದರೆ 205. ಇಂಥ ದೂರಿಗೆ ಸಾಮಾನ್ಯವಾಗಿ ಪ್ರೋಬ್ (ಎಣ್ಣೆಯಲ್ಲಿ ಮುಳುಗಿ ತಾಪ ಅಳೆಯುವ ಕಡ್ಡಿ) ಬದಲಿಸುತ್ತಾರೆ, ಆಮೇಲೆ ಕಂಟ್ರೋಲರ್ (ಆ ತಾಪ ಓದಿ ಉರಿ ಹಚ್ಚಿ ಆರಿಸುವ ಸಾಧನ) ಬೋರ್ಡ್ ಬದಲಿಸುತ್ತಾರೆ, ಕೊನೆಗೆ ಆಫ್‌ಸೆಟ್‌ನಲ್ಲಿ (ಓದಿದ ಅಂಕಿಗೆ ಕೂಡಿಸುವ ತಿದ್ದುಪಡಿಯಲ್ಲಿ) 25 ಹಾಕಿ ಕೈತೊಳೆದುಕೊಳ್ಳುತ್ತಾರೆ. ಮರುದಿನ ಬೆಳಗ್ಗೆ ಎಣ್ಣೆ 155ಕ್ಕೇ ನಿಂತುಬಿಡುತ್ತದೆ. ಆಫ್‌ಸೆಟ್ ಯಾವಾಗಲೂ ಒಂದೇ ಅಂಕಿ. ಈ ದೋಷ ಯಂತ್ರದ ಒಳಗಿನ ಬಿಸಿಯ ಜೊತೆ ಏರಿಳಿಯುವಂಥದ್ದು. ಆಫ್‌ಸೆಟ್ ಸೊನ್ನೆಗೆ ತಂದು, ಹಳೆ ಪ್ರೋಬ್ ಅಲ್ಲೇ ಬಿಟ್ಟು ಇದನ್ನು ಸರಿಮಾಡಬಹುದು ಎಂದರೆ ಜೊತೆಗಿನ ಮೆಕ್ಯಾನಿಕ್‌ಗಳು ಒಪ್ಪಿರಲಿಲ್ಲ. ಈಗ ಆ ಯಂತ್ರಗಳು ಬೆಳಗ್ಗೆಯೂ ರಾತ್ರಿಯೂ ಎರಡು ಡಿಗ್ರಿ ಆಚೀಚೆಯಲ್ಲೇ ಓಡುತ್ತಿವೆ.

ಮೊದಲ ಪರೀಕ್ಷೆಗೆ ಬೇಕಿರುವುದು ಒಂದು ತುಂಡು ವೈರ್ ಮಾತ್ರ. ಈ ಪ್ರೋಬ್ ಒಂದು ಥರ್ಮೋಕಪಲ್, ಅಂದರೆ ಎರಡು ತುದಿಯ ತಾಪದ ವ್ಯತ್ಯಾಸಕ್ಕೆ ತಕ್ಕ ವೋಲ್ಟೇಜ್ ಕೊಡುವ ಎರಡು ಬೇರೆ ಲೋಹದ ವೈರ್ ಜೋಡಿ. ಕಂಟ್ರೋಲರ್‌ನಿಂದ ಅದನ್ನು ಬಿಚ್ಚಿ ಇನ್‌ಪುಟ್‌ನ ಎರಡೂ ಟರ್ಮಿನಲ್ ಶಾರ್ಟ್ ಮಾಡಿ. ಡಿಸ್‌ಪ್ಲೇ ಆ ಟರ್ಮಿನಲ್ ಇರುವ ಜಾಗದ ತಾಪವನ್ನು ತೋರಿಸಬೇಕು. ಪ್ಯಾನೆಲ್ ಒಳಗೆ 40 ಇದ್ದು ಡಿಸ್‌ಪ್ಲೇ 40ರ ಹತ್ತಿರ ನಿಂತರೆ ಬೋರ್ಡಿನ ಕೋಲ್ಡ್ ಜಂಕ್ಷನ್ ಲೆಕ್ಕ (ಟರ್ಮಿನಲ್‌ನ ತಾಪವನ್ನು ಕೂಡಿಸುವ ಲೆಕ್ಕ) ಸರಿಯಿದೆ. 10 ಅಥವಾ 70 ತೋರಿಸಿದರೆ ಮಾತ್ರ ಬೋರ್ಡಿನ ಮೇಲೆ ಅನುಮಾನ ಪಡಿ. ಬೋರ್ಡಿನ ಬೆಲೆ ಪ್ರೋಬಿನ ಏಳೆಂಟು ಪಟ್ಟು ಇರುತ್ತದೆ, ಈ ಅರ್ಧ ನಿಮಿಷದ ಕೆಲಸ ಬಿಟ್ಟು ಬೋರ್ಡ್ ತರಿಸುವುದು ದುಡ್ಡು ಸುರಿದಂತೆಯೇ. ಕೆಲಸ ಮಾಡುತ್ತಿದ್ದ ಬೋರ್ಡುಗಳು ಗುಜರಿಗೆ ಹೋಗಿರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಆಮೇಲೆ ಪ್ರೋಬಿನದೇ ತಲೆಯಲ್ಲಿ, ಅಂದರೆ ಅದರ ಸ್ವಂತ ವೈರ್ ಮುಗಿಯುವ ಟರ್ಮಿನಲ್ ಬ್ಲಾಕ್‌ನಲ್ಲಿ, ಮಿಲಿವೋಲ್ಟ್ ಅಳೆಯಬೇಕು. ಮೀಟರ್ 0.01 ಮಿಲಿವೋಲ್ಟ್‌ವರೆಗೆ ತೋರಿಸುವಂಥದ್ದಾಗಿರಲಿ. 0.1ರ ಮೀಟರ್‌ನಲ್ಲಿ ಒಂದು ಅಂಕಿ ಎಂದರೆ ಎರಡೂವರೆ ಡಿಗ್ರಿ, ಕೆಲಸಕ್ಕೆ ಬಾರದು. ಥರ್ಮೋಕಪಲ್‌ನ ಲೋಹದ ಜೋಡಿಗಳಿಗೆ ಕೆ, ಜೆ, ಎನ್ ಎಂಬ ಟೈಪ್ ಹೆಸರುಗಳಿವೆ. ಕೆ ಟೈಪ್‌ಗೆ ಡಿಗ್ರಿಗೆ 0.041 ಮಿಲಿವೋಲ್ಟ್ ಹಿಡಿದರೆ ಅಡುಗೆ ಯಂತ್ರದ ಮಟ್ಟಿಗೆ ಸಾಕು. ಎಣ್ಣೆ 180, ಟರ್ಮಿನಲ್ 40 ಇದ್ದರೆ ನಡುವೆ 140 ಡಿಗ್ರಿ, ಮೀಟರ್‌ನಲ್ಲಿ 5.7 ಬರಬೇಕು. ಟರ್ಮಿನಲ್‌ನ ತಾಪ ಕಳೆಯುವುದನ್ನು ಮರೆತು 7.3 ಬರುತ್ತದೆಂದು ಕಾಯುವವರು ಒಳ್ಳೆಯ ಪ್ರೋಬ್ ಕಿತ್ತೆಸೆಯುತ್ತಾರೆ.

ಬೋರ್ಡೂ ಸರಿ, ಪ್ರೋಬೂ ಸರಿ ಅಂದಮೇಲೆ ಉಳಿಯುವುದು ನಡುವಿನ ದಾರಿ. ಹಿಂದೆ ಯಾರೋ ರಿಪೇರಿ ಮಾಡಿದವರು ಪ್ರೋಬ್ ತಲೆಯಿಂದ ಕಂಟ್ರೋಲರ್‌ವರೆಗೆ ಮಾಮೂಲಿ ತಾಮ್ರದ ವೈರ್ ಎಳೆದಿರುತ್ತಾರೆ. ಬರ್ನರ್ ಪಕ್ಕದ ಆ ಟರ್ಮಿನಲ್ ಬ್ಲಾಕ್ ಮಧ್ಯಾಹ್ನದ ಹೊತ್ತಿಗೆ 65ಕ್ಕೆ ಏರುತ್ತದೆ, ಕಂಟ್ರೋಲರ್ ಇರುವಲ್ಲಿ 40. ತಾಮ್ರ ಈ 25 ಡಿಗ್ರಿಯನ್ನು ನುಂಗಿಬಿಡುತ್ತದೆ: ಕಂಟ್ರೋಲರ್ 25 ಕಡಿಮೆ ಓದುತ್ತದೆ, ಎಣ್ಣೆ 25 ಹೆಚ್ಚು ಕಾಯುತ್ತದೆ. ಬೆಳಗ್ಗೆ ಎರಡೂ ಕಡೆ ತಣ್ಣಗಿರುವುದರಿಂದ ದೋಷ ಕಾಣುವುದಿಲ್ಲ. ಬೆಳಗ್ಗೆ ಸರಿಯಿದ್ದು ಮಧ್ಯಾಹ್ನ ತಪ್ಪುವ ಯಂತ್ರ ಕಂಡರೆ ನಾನು ನೇರವಾಗಿ ಆ ಜಾಯಿಂಟ್‌ಗೇ ಕೈಹಾಕುವುದು.

ಪರಿಹಾರಕ್ಕೆ ಕೆ ಟೈಪ್‌ನದೇ ಎಕ್ಸ್‌ಟೆನ್ಷನ್ ವೈರ್ ಹಾಕಿ, ಕಂಟ್ರೋಲರ್‌ವರೆಗೆ ಜಾಯಿಂಟ್ ಇಲ್ಲದೆ. ಎರಡು ಮೀಟರ್ ಸಾಕಾಗುತ್ತದೆ, ಬೆಲೆ ಪ್ರೋಬಿಗಿಂತ ಬಹಳ ಕಡಿಮೆ. ಅಮೆರಿಕನ್ ಬಣ್ಣದ ಪದ್ಧತಿಯಲ್ಲಿ ಕೆಂಪು ಯಾವಾಗಲೂ ಮೈನಸ್, ಹಳದಿ ಪ್ಲಸ್. ಮಾಮೂಲಿ ವೈರಿಂಗ್ ಅಭ್ಯಾಸದಲ್ಲಿ ಕೆಂಪನ್ನು ಪ್ಲಸ್‌ಗೆ ಹಾಕುವವರು ಇಲ್ಲೇ ಎಡವುವುದು. ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ) ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಬಣ್ಣ ಸುಟ್ಟುಹೋಗಿದ್ದರೆ ಅಯಸ್ಕಾಂತ ಹಿಡಿಯಿರಿ: ಕೆ ಟೈಪ್‌ನಲ್ಲಿ ಅಂಟುವುದು ಮೈನಸ್, ಜೆ ಟೈಪ್‌ನಲ್ಲಿ ಅಂಟುವುದು ಪ್ಲಸ್.

ವೈರ್ ಒಂದೇ ಕಡೆ ಉಲ್ಟಾ ಆದರೆ ಕಾಯಿಸಿದಂತೆ ಅಂಕಿ ಇಳಿಯುತ್ತದೆ, ತಕ್ಷಣ ಗೊತ್ತಾಗುತ್ತದೆ. ಅಪಾಯಕಾರಿ ಎಂದರೆ ಎಕ್ಸ್‌ಟೆನ್ಷನ್‌ನ ಎರಡೂ ತುದಿ ಉಲ್ಟಾ ಆಗಿರುವುದು. ಅಂಕಿ ಸರಿಯಾಗಿಯೇ ಏರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ, ದೋಷ ಮಾತ್ರ ತಾಮ್ರದ ಎರಡರಷ್ಟು. ಮೇಲಿನ ಲೆಕ್ಕದಲ್ಲೇ 50 ಡಿಗ್ರಿ.

ಬದಲಿ ಪ್ರೋಬ್ ಹಾಕಿದ ಯಂತ್ರದಲ್ಲಿ ಟೈಪ್ ಸೆಟ್ಟಿಂಗನ್ನೂ ನೋಡಿ. ಕಂಟ್ರೋಲರ್ ಜೆ ಎಂದು ಸೆಟ್ ಆಗಿದ್ದು ಕೆ ಪ್ರೋಬ್ ಸಿಕ್ಕಿಸಿದರೆ, 180 ಇಟ್ಟಾಗ ಎಣ್ಣೆ ಸುಮಾರು 230ಕ್ಕೆ ಹೋಗುತ್ತದೆ. ಹೈ ಲಿಮಿಟ್ (ಮಿತಿ ಮೀರಿ ಕಾದರೆ ಉರಿ ಕಡಿಯುವ ಸುರಕ್ಷಾ ಸ್ವಿಚ್) ಟ್ರಿಪ್ ಆಗುವುದು ಬಹುತೇಕ ಅಲ್ಲೇ. "ಹೈ ಲಿಮಿಟ್ ಸುಮ್ಮಸುಮ್ಮನೆ ಬೀಳುತ್ತಿದೆ" ಎಂಬ ದೂರು ಬಂದರೆ ಹೈ ಲಿಮಿಟ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ ಎಂದು ತಿಳಿಯಿರಿ. ಅದನ್ನು ಯಾವ ಕಾರಣಕ್ಕೂ ಬೈಪಾಸ್ ಮಾಡಬಾರದು, ಪರೀಕ್ಷೆಗೂ ಕೂಡ.

ಪ್ರೋಬೇ ಕೆಟ್ಟಿರುವ ಸಂದರ್ಭಗಳೂ ಇವೆ. ತೊಳೆಯುವಾಗ ಜೋರು ನೀರು ಹೊಡೆದರೆ ಹಿಂಬದಿಯ ಸೀಲ್‌ನಿಂದ ತೇವ ಒಳಗಿಳಿಯುತ್ತದೆ. ಒಳಗಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ನೀರು ಹೀರುವಂಥದ್ದು, ಹೀರಿದ ಮೇಲೆ ಅಂಕಿ ಕುಣಿಯುತ್ತದೆ. ಅನ್‌ಗ್ರೌಂಡೆಡ್ (ಒಳಗಿನ ವೈರ್ ಹೊರಗಿನ ಕೊಳವೆಗೆ ತಾಗದ) ಪ್ರೋಬ್ ಆದರೆ ಕಂಟ್ರೋಲರ್‌ನಿಂದ ಪೂರ್ತಿ ಬಿಡಿಸಿ, ವೈರಿಗೂ ಹೊರಗಿನ ಕೊಳವೆಗೂ ನಡುವೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ. 100 ಮೆಗಓಮ್ ದಾಟಿದರೆ ನಿಶ್ಚಿಂತೆ, 1ಕ್ಕಿಂತ ಕೆಳಗಿದ್ದರೆ ಒದ್ದೆಯಾಗಿದೆ. 120ರಿಂದ 150 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿದರೆ ಅರ್ಧಕ್ಕರ್ಧ ಪ್ರೋಬುಗಳು ಮತ್ತೆ ಕೆಲಸಕ್ಕೆ ಬರುತ್ತವೆ. ಒಣಗಿಸಿದ ಮೇಲೆ ಹಿಂಬದಿಯನ್ನು ಮತ್ತೆ ಸೀಲ್ ಮಾಡಬೇಕು. ಯಾವುದರಿಂದ ಮಾಡುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ.

ಕಾಂಟ್ಯಾಕ್ಟರ್ (ಪವರ್ ಹಚ್ಚಿ ಆರಿಸುವ ಸ್ವಿಚ್) ಬಿದ್ದಾಗಲೆಲ್ಲ ಅಂಕಿ ಹಾರುತ್ತಿದ್ದರೆ ತೇವ ಕಾರಣವಲ್ಲ. ಪವರ್ ವೈರ್ ಜೊತೆ ಸೇರಿಸಿ ಕಟ್ಟಿದ ಸಿಗ್ನಲ್ ವೈರನ್ನು ಬೇರೆ ಮಾಡಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ.

ಪ್ರೋಬ್ ತುದಿಗೆ ಕರಿದ ಎಣ್ಣೆಯ ಕಪ್ಪು ಪದರ ಕಟ್ಟಿದ್ದರೆ ತಾಪಮಾನ ತಪ್ಪುವುದಕ್ಕಿಂತ ತಡವಾಗುತ್ತದೆ. ಕಂಟ್ರೋಲರ್‌ಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಣ್ಣೆ ಮೇಲೇರಿರುತ್ತದೆ. ಈ ಪದರ ತೆಗೆಯದೆ ಆಟೋಟ್ಯೂನ್ (ಕಂಟ್ರೋಲರ್ ತನ್ನ ಪಿಐಡಿ, ಅಂದರೆ ಬಿಸಿ ಹತೋಟಿಯ ಅಂಕಿಗಳನ್ನು ತಾನೇ ಹೊಂದಿಸಿಕೊಳ್ಳುವುದು) ಓಡಿಸಬೇಡಿ. ಕೊಳಕು ಪ್ರೋಬಿಗೆ ಹೊಂದಿದ ಪಿಐಡಿ ಅಂಕಿಗಳು ಚೊಕ್ಕ ಪ್ರೋಬಿಗೆ ಸರಿಹೋಗುವುದಿಲ್ಲ.

ಗ್ರಿಡಲ್‌ನ (ದೊಡ್ಡ ಚಪ್ಪಟೆ ಕಾವಲಿಯ) ಕಥೆ ಬೇರೆ. ಅಲ್ಲಿ ಪ್ರೋಬ್ ಪ್ಲೇಟಿನ ತಳಕ್ಕೆ ಕ್ಲಿಪ್‌ನಲ್ಲಿ ನಿಂತಿರುತ್ತದೆ. ಕ್ಲಿಪ್ ಸಡಿಲವಾಗಿ ನಡುವೆ ಕೂದಲೆಳೆಯಷ್ಟು ಗಾಳಿ ಬಂದರೂ ಅದು ಪ್ಲೇಟನ್ನು ಬಿಟ್ಟು ಬರ್ನರ್‌ನ ಬಿಸಿಗಾಳಿಯನ್ನು ಓದುತ್ತದೆ. ಬರ್ನರ್ ಬೇಗ ಆರುತ್ತದೆ, ಪ್ಲೇಟ್ ತಣ್ಣಗೇ ಉಳಿಯುತ್ತದೆ. 20 ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟಿಗೆ ಅಂಚಿನಿಂದ 3.2 ಮಿಲಿಮೀಟರ್ ರಂಧ್ರ ಕೊರೆದು 3 ಮಿಲಿಮೀಟರ್ ಪ್ರೋಬನ್ನು 40 ಮಿಲಿಮೀಟರ್ ಒಳಕ್ಕೆ ಕೂರಿಸಿದೆ. ಪ್ಲೇಟ್ ಸೀಳುತ್ತದೆ ಎಂದರು, ಸೀಳಲಿಲ್ಲ. 15 ಡಿಗ್ರಿ ಮೇಲೆ ಕೆಳಗೆ ಓಲಾಡುತ್ತಿದ್ದದ್ದು ಈಗ ನಾಲ್ಕರ ಆಸುಪಾಸಿನಲ್ಲಿದೆ. ರಂಧ್ರದ ಬಾಯಿ ತುಸು ಕೆಳಮುಖವಾಗಿರಬೇಕು, ಇಲ್ಲವಾದರೆ ಪ್ಲೇಟ್ ಉಜ್ಜುವ ನೀರೂ ಜಿಡ್ಡೂ ಒಳಗೆ ಸೇರಿ ಪ್ರೋಬ್ ಹೊರಗೆ ಬರುವುದೇ ಇಲ್ಲ. ಕ್ರೋಮ್ ಲೇಪದ ಪ್ಲೇಟಿಗೆ ಈ ಕೆಲಸ ನಾನು ಮಾಡುವುದಿಲ್ಲ.

ಪೈಲಟ್‌ನ (ಬರ್ನರ್ ಹಚ್ಚಲು ಉರಿಯುತ್ತಿರುವ ಪುಟ್ಟ ಜ್ವಾಲೆಯ) ಥರ್ಮೋಕಪಲ್ ಬಗ್ಗೆ ಒಂದೆರಡು ಮಾತು. ಅದರ ಕೆಲಸ ತಾಪ ಅಳೆಯುವುದಲ್ಲ, ಗ್ಯಾಸ್ ವಾಲ್ವಿನ ಮ್ಯಾಗ್ನೆಟ್ ಹಿಡಿದಿಡುವಷ್ಟು ಕರೆಂಟ್ ಕೊಡುವುದು. ಬಿಡಿಸಿ ಅಳೆದರೆ 25ರಿಂದ 30 ಮಿಲಿವೋಲ್ಟ್ ಬರಬೇಕು. ಬಂದರೂ ವಾಲ್ವ್ ನಿಲ್ಲದಿದ್ದರೆ ಅಡಾಪ್ಟರ್ ಹಾಕಿ ಲೋಡ್ ಇರುವಾಗಲೇ ಅಳೆಯಿರಿ. ತುದಿಯ ಮೇಲ್ಭಾಗ ಹತ್ತು ಹನ್ನೆರಡು ಮಿಲಿಮೀಟರ್ ಮಾತ್ರ ಉರಿಯೊಳಗಿರಲಿ. ನಟ್ಟನ್ನು ಕೈಯಲ್ಲಿ ಬಿಗಿಮಾಡಿ, ಆಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು. ಅದಕ್ಕಿಂತ ಹೆಚ್ಚು ತಿರುಗಿಸಿದರೆ ನಟ್ ಕಡೆಯ ತುದಿಯ ಇನ್ಸುಲೇಷನ್ ಒಡೆದು ಹೊಸ ಥರ್ಮೋಕಪಲ್ ಅಲ್ಲೇ ಹಾಳು.

ಡೆಕ್ ಅವನ್‌ನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. 400 ಡಿಗ್ರಿ ಆಸುಪಾಸಿನಲ್ಲಿ ದಿನವಿಡೀ ಉರಿಯುವ ಅವನ್‌ನಲ್ಲಿ ಕೆ ಮತ್ತು ಎನ್ ಟೈಪ್ ಪ್ರೋಬುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಕೆ ನಿಧಾನವಾಗಿ ಎರಡು ಮೂರು ಡಿಗ್ರಿ ಮೇಲೆ ಸರಿಯಿತು, ಎನ್ ಕದಲಲಿಲ್ಲ. 250ರಿಂದ 550ರ ನಡುವೆ ಕೆ ಟೈಪ್‌ನ ಲೋಹದೊಳಗೆ ಪರಮಾಣುಗಳ ಜೋಡಣೆ ಬದಲಾಗುವುದರಿಂದ ಹೀಗಾಗುತ್ತದೆ. ಈ ಬದಲಾವಣೆ ಪ್ರೋಬಿನ ಉದ್ದಕ್ಕೂ ಒಂದೇ ಸಮನಾಗಿ ಆಗುವುದಿಲ್ಲ. ಹಾಗಾಗಿ ಅವನ್‌ನಲ್ಲಿ ಓಡಿದ ಕೆ ಪ್ರೋಬ್ ಕಿತ್ತು, ಬೇರೆ ಆಳಕ್ಕೆ ತೂರಿಸಿ ಅಥವಾ ಮೇಜಿನ ಮೇಲೆ ಐಸಿನಲ್ಲಿ ಅದ್ದಿ ಪರೀಕ್ಷಿಸಿದರೆ ಅವನ್‌ನಲ್ಲಿ ಅದು ತೋರಿಸುತ್ತಿದ್ದ ದೋಷ ಸಿಗುವುದಿಲ್ಲ. ಅದು ಕೂತಿರುವಲ್ಲೇ, ಅದೇ ಆಳಕ್ಕೆ ಹೊಸ ಪ್ರೋಬ್ ಇಟ್ಟು ಹೋಲಿಸಬೇಕು. ಎನ್‌ಗೆ ಬದಲಾಯಿಸುವವರು ವೈರ್, ಕನೆಕ್ಟರ್, ಕಂಟ್ರೋಲರ್ ಸೆಟ್ಟಿಂಗ್ ಮೂರನ್ನೂ ಎನ್‌ಗೇ ಬದಲಿಸಬೇಕು. ಹಳೆಯ ಕೆ ವೈರ್ ಉಳಿಸಿಕೊಂಡರೆ ಮತ್ತೆ ಅದೇ ಮಧ್ಯಾಹ್ನದ ದೋಷ ಬರುತ್ತದೆ.